ಸೋಲ್ವೆಗ್ ಒಣಗಿಸಿದ ಕಾಡುಬಟಾಣಿ

ವೆಟರ್ನ್ ಸರೋವರದ ದಡದ ನಮ್ಮೂರಿನಲ್ಲಿ ನೆರೆಮನೆಯ ಆಲ್ವಮ್ಮನ ರೈ ರೊಟ್ಟಿ ತಿನ್ನದವರಿಲ್ಲ, ಬೈಗುಳ ತಿನ್ನದವರೂ ಇಲ್ಲ. ಅಂಥ ಬಾಯಿಬಡುಕಿ ತನ್ನ ಮಗಳು ಸೋಲ್ವೆಗ್ ಬಗ್ಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ, ಸರೋವರದ ಮಂಜುಗಡ್ಡೆ ಒಡೆದು ಆ ಹುಡುಗಿ ಮುಳುಗಿಹೋಗಿದ್ದಳು.

ಅದರ ಹಿಂದಿನ ಬೇಸಿಗೆ ರಜೆಯಲ್ಲಿ, ಆಗಿನ ಶಾಲಾಮಕ್ಕಳೆಲ್ಲರಂತೆ ಅವಳೂ ಗಿಡ ಕಿತ್ತು, ಒತ್ತಿ, ಒಣಗಿಸಿ ಹಾಳೆಗೆ ಅಂಟಿಸಿದ್ದಳು. ಅದರಲ್ಲೊಂದು ನಮ್ಮ ಗುಡ್ಡದ ಕಾಡುಬಟಾಣಿ, ಕಾಯಿ ಸಮೇತ. ಅಪರೂಪದ್ದೆಂದು ಮೇಷ್ಟರು ಅದನ್ನು ಪಟ್ಟಣದ ಸಸ್ಯಸಂಗ್ರಹಾಲಯಕ್ಕೆ ಕಳಿಸಿದರು. ಹಾಳೆಯ ಮೂಲೆಯಲ್ಲಿ ಗಿಡದ ಹೆಸರು, ಗುಡ್ಡದ ಹೆಸರು, ತಾರೀಖು, ಕೆಳಗೆ ಅವಳ ಪೂರ್ತಿ ಹೆಸರು, 'ಸೋಲ್ವೆಗ್ ಹೆಡ್‌ಮನ್'. ಆಮೇಲೆ ಯಾರೋ ಬುದ್ಧಿವಂತರು ಗುಡ್ಡಕ್ಕೆಲ್ಲ ಸ್ಪ್ರೂಸ್ ಮರ ನೆಟ್ಟರು. ನೆರಳಿಗೆ ಆ ಬಳ್ಳಿ ಹೇಳಹೆಸರಿಲ್ಲದಂತಾಯಿತು.

ಮೂವತ್ತು ವರ್ಷ ಕಳೆದ ಮೇಲೆ ಸಂಗ್ರಹಾಲಯದಿಂದ ಉಲ್ರಿಕಾ ಎಂಬ ಹುಡುಗಿ ಆಲ್ವಮ್ಮನ ಮನೆಗೆ ಬಂದಳು. ಆ ಹಾಳೆಯ ಕಾಯಿಯಿಂದ ಬೀಜ ತೆಗೆದು ಬಿತ್ತುತ್ತೇವೆ, ಈ ಜಾತಿಯ ಬೀಜಕ್ಕೆ ಜೀವ ಗಟ್ಟಿ, ಮೊಳೆತರೆ ಗುಡ್ಡದ ಬಿಸಿಲು ಬೀಳುವ ಕಡೆ ನೆಡೋಣ ಎಂದಳು.

"ನನ್ನ ಮಗಳು ಕಿತ್ತಿದ್ದರ ಬೀಜಾನೇನಾ?"

"ಹೌದಮ್ಮ, ಅದೇ."

"ಮತ್ತೆ ಇಲ್ಲಿ ಕಾಫಿ ಕುಡೀತಾ ಕೂತಿದೀಯಲ್ಲೇ! ಹೋಗು, ಬಿತ್ತು!"

ಆ ವಸಂತದಲ್ಲಿ ಆಲ್ವಮ್ಮ ಬೇರೆಯೇ ಹೆಂಗಸಾದಳು. ಬಳ್ಳಿ ಹಬ್ಬಲೆಂದು ಕೋಲು ಕೆತ್ತಿಟ್ಟಳು. ಅಂಚೆಯವನು ಕಂಡರೆ, "ಏನೋ, ಬಟಾಣಿ ಸುದ್ದಿ ತಂದ್ಯಾ, ಇವತ್ತೂ ಕರೆಂಟ್ ಬಿಲ್ಲೇನಾ?" ಎಂದು ಕಾಡುತ್ತಿದ್ದಳು. ಸೋಲ್ವೆಗ್ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಗಿತ್ತು.

ಕೊನೆಗೆ ಉಲ್ರಿಕಾ ತಾನೇ ಬಂದಳು. ಒಂದು ಬೀಜವೂ ಮೊಳೆತಿರಲಿಲ್ಲ.

"ಕಾವಿಗೆ ಸತ್ತಿರೋ ಹಾಗಿದೆ. ಆಗ ಗಿಡಾನ ಹೇಗೆ ಒಣಗಿಸಿದ್ರಿ, ನೆನಪಿದೆಯಾ?"

ಆಲ್ವಮ್ಮನ ಮುಖ ಬಿಳಿಚಿಕೊಂಡಿತು. "ಆ ವರ್ಷ ಬಿಡದೆ ಮಳೆ. ಗಿಡಕ್ಕೆಲ್ಲ ಬೂಸ್ಟು ಹಿಡೀತಿತ್ತು. ಮೇಷ್ಟ್ರು ಬೈತಾರೆ ಅಂತ ಮಗು ಅಳ್ತಿತ್ತು. ರೊಟ್ಟಿ ತೆಗೆದ ಮೇಲೆ, ಬಿಸಿ ಒಲೆ ಒಳಗೆ ನಾನೇ ಇಟ್ಟೆ."

ಉಲ್ರಿಕಾ ತಲೆ ತಗ್ಗಿಸಿಕೊಂಡು ಹೋದಳು. ನಾನು ಆಲ್ವಮ್ಮನ ಕೈ ಹಿಡಿದು, "ಮಗಳಿಗೋಸ್ಕರ ತಾನೇ ಮಾಡಿದ್ದು, ಆಲ್ವಮ್ಮ" ಎಂದೆ.

"ಹೂಂ. ಬೆಳಗ್ಗೆ ಒಣಗಿದ್ದು ನೋಡಿ ಎಷ್ಟು ಕುಣಿದಾಡಿದ್ಲು ಗೊತ್ತಾ? ನನ್ನ ಕುತ್ತಿಗೆಗೆ ಜೋತುಬಿದ್ಲು. 'ಅಮ್ಮ, ನೀನಿಲ್ದೇ ಇದ್ದಿದ್ರೆ ಎಲ್ಲಾ ಹಾಳಾಗ್ತಿತ್ತು' ಅಂದ್ಲು."