ಡಿಕ್ಕಿಯಲ್ಲಿದ್ದ ಗ್ಯಾಸ್ ಮತ್ತು ತೆರಿಗೆ

ಯಾರಾದರೂ ನನ್ನನ್ನು ಹೆದರುಪುಕ್ಕಲ ಎಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಎಂಬತ್ತರ ದಶಕದಲ್ಲಿ ಉಡುಪಿಯ ಆದಾಯ ತೆರಿಗೆ ಕಚೇರಿಯಿಂದ ನೋಟಿಸು ಬಂದ ದಿನ ನನಗೆ ಗಂಜಿಯೂ ಸೇರಲಿಲ್ಲ.

ಆಗ ನಾನು ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಮ್ಯಾನೇಜರ್. ಅಂಬಾಸಿಡರ್ ಕಾರು ಕಂಪನಿಯದ್ದು, ಪೆಟ್ರೋಲೂ ಕಂಪನಿಯದ್ದು. ಆದರೆ ಆ ಪೆಟ್ರೋಲನ್ನು ಸ್ವಂತ ಓಡಾಟಕ್ಕೆ ಸುಟ್ಟರೆ ಅದೂ ಸಂಬಳದ ಲೆಕ್ಕಕ್ಕೆ ಸೇರಿ ತೆರಿಗೆ ಬೀಳುತ್ತಿತ್ತು. ಭಾನುವಾರ ಹೆಂಡತಿ, ಮೂವರು ಮಕ್ಕಳೊಂದಿಗೆ ಇಗರ್ಜಿಯ ಪೂಜೆಗೆ ಹೋದರೂ ಅಷ್ಟೇ, ಕಾಪುವಿನ ಮಾವನ ಮನೆಗೆ ಹೋದರೂ ಅಷ್ಟೇ. ಪೂಜೆಗೆ ಹೋಗಲಿಕ್ಕೂ ಸರಕಾರಕ್ಕೆ ಕಪ್ಪ ಕೊಡಬೇಕೇ ಎಂದು ಉರಿದುಬಿದ್ದೆ. ಕಾರ್ಖಾನೆಯ ಕ್ಯಾಂಟೀನಿನ ಅಡುಗೆ ಗ್ಯಾಸಿನಲ್ಲಿ ಕಾರು ಓಡಿಸಿದರೆ ಪೆಟ್ರೋಲ್ ಬಿಲ್ ಇಲ್ಲ, ಬಿಲ್ ಇಲ್ಲದ ಮೇಲೆ ತೆರಿಗೆ ಎಲ್ಲಿಯದು? ಇದು ನನ್ನ ಅತಿಬುದ್ಧಿ. ಒಬ್ಬ ಮೆಕ್ಯಾನಿಕ್ ಗುಟ್ಟಾಗಿ ಡಿಕ್ಕಿಯಲ್ಲಿ ಸಿಲಿಂಡರ್ ಇಟ್ಟು ಪೈಪು ಜೋಡಿಸಿಕೊಟ್ಟ. ಕಾನೂನಿಗೆ ವಿರುದ್ಧ ಎಂದು ಇಬ್ಬರಿಗೂ ಗೊತ್ತಿತ್ತು. ದಾರಿಯಲ್ಲಿ ಮಕ್ಕಳು ವಾಸನೆ ಎಂದು ಮೂಗು ಮುಚ್ಚಿಕೊಂಡರೆ, ತಪ್ಪನ್ನು ಮುಂದಿನ ಮೀನಿನ ಲಾರಿಯ ಮೇಲೆ ಹಾಕುತ್ತಿದ್ದೆ.

ವಿಚಾರಣೆಯ ದಿನ ಶಾಲೆಗೆ ರಜೆ. ಬರುವಾಗ ಅಂಗಡಿಯಲ್ಲಿ ಬಟ್ಟೆ ತೆಗೆದುಕೊಳ್ಳೋಣವೆಂದು ಹೆಂಡತಿ, ಮಕ್ಕಳೂ ಜೊತೆಗೆ ಹೊರಟರು. ಅವರನ್ನು ಕಾರಿನಲ್ಲೇ ಕೂರಿಸಿ ನಾನು ಮೆಟ್ಟಿಲು ಹತ್ತಿದೆ.

ಅಧಿಕಾರಿ ಕಾರಿನ ಓಡಾಟದ ಲೆಕ್ಕದ ಪುಸ್ತಕ ತಿರುವಿಹಾಕಿದರು. "ಕಾರು ತಿಂಗಳು ತಿಂಗಳು ಓಡಿದೆ. ಪೆಟ್ರೋಲ್ ಬಿಲ್ ಒಂದೂ ಇಲ್ಲ. ಎಂತದರಲ್ಲಿ ಓಡಿದ್ದು?"

ಓಡಲಿಲ್ಲ ಎಂದರೆ ಪುಸ್ತಕದಲ್ಲಿ ನನ್ನದೇ ಸಹಿ ಉಂಟು. ಗ್ಯಾಸ್ ಎಂದರೆ ಪೊಲೀಸು, ಕೆಲಸವೂ ಹೋಗುತ್ತದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಅವರು ಮತ್ತೊಮ್ಮೆ ಕೇಳುವ ಮೊದಲೇ ನಾನು ಮಕ್ಕಳೊಂದಿಗೆ ಇಗರ್ಜಿಗೆ ಹೋಗುವುದೂ ಸೇರಿ ಎಲ್ಲ ಹೇಳಿಬಿಟ್ಟೆ.

"ಗ್ಯಾಸಾದರೂ ಕಂಪನಿ ಕೊಟ್ಟದ್ದೇ ಅಲ್ವಾ? ಅದಕ್ಕೂ ತೆರಿಗೆ ಉಂಟು," ಎಂದು ಅವರು ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟರು. "ಸಿಲಿಂಡರ್ ಎಲ್ಲಿ ಇಟ್ಟಿದ್ದೀರಿ?"

"ಡಿಕ್ಕಿಯಲ್ಲಿ, ಸಾರ್."

"ಮಕ್ಕಳು ಕೂರುವುದು ಎಲ್ಲಿ?"

ಇಷ್ಟು ದಿನ ನಾನು ಹೆದರಿದ್ದು ಈ ಮೇಜಿಗೆ, ಈ ಮನುಷ್ಯನಿಗೆ. ಕಾರು ಕೆಳಗೆ ಸುಡುಬಿಸಿಲಿನಲ್ಲಿ ನಿಂತಿತ್ತು. ಹೇಳದೆ ಕೇಳದೆ ಎದ್ದು ಓಡಿದೆ. ಅಂಥ ಹೆದರಿಕೆ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಇಳಿಯಿರಿ, ಎಲ್ಲರೂ ಇಳಿಯಿರಿ!"

"ಎಂತ ಆಯ್ತು? ಕೆಲಸ ಹೋಯಿತಾ?" ಎಂದು ಹೆಂಡತಿ ಕೇಳುತ್ತಲೇ ಇದ್ದಳು. ನಾನು ಹಿಂದಿನ ಸೀಟಿನಿಂದ ಚಿಕ್ಕವಳನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಸೀಟಿಗೆ ಒರಗಿ ನಿದ್ದೆ ಹೋಗಿದ್ದ ಅವಳ ಬೆನ್ನು ಬೆವರಿನಲ್ಲಿ ಒದ್ದೆಯಾಗಿತ್ತು.