ಲಿಂಗದಹಳ್ಳಿಯಲ್ಲಿ ಅಣಬೆಯ ವಿಚಾರಣೆ

ಲಿಂಗದಹಳ್ಳಿಯಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಿದ್ದೆ. ಬೆಂಚಿನ ಮೇಲೆ ಹಣೆತುಂಬ ವಿಭೂತಿಯ ಯಜಮಾನರೊಬ್ಬರು, ಅವರ ಹೆಂಡತಿ, ಆಕೆಗೆ ತವರಿನವರು ಕೊಟ್ಟ ಒಂದು ಬುಟ್ಟಿ ಕಾಡಿನ ಅಣಬೆ. ಅಣಬೆ ಮಾಂಸಕ್ಕೆ ಸಮ, ಅಡುಗೆಮನೆಗೆ ಬರಕೂಡದು ಎಂದು ಯಜಮಾನರ ಅಪ್ಪಣೆಯಾಗಿತ್ತು.

“ನಿನ್ನೆ ಇರ್ಲಿಲ್ಲ, ಇವತ್ತು ಐತೆ. ಅಂದ್ಮೇಲೆ ರಾತ್ರಿ ನಡ್ಕಂಡು ಬಂದೈತೆ ಕಣೇ. ಅದು ಪ್ರಾಣೀನೇ!”

ಆಕೆ ಬೇಲಿಯ ಹುಲ್ಲಿನಿಂದ ಉಗುರಿನಷ್ಟು ಮಿಡತೆಯೊಂದನ್ನು ಹಿಡಿದು ತಂದು, ಬೆಂಚಿನ ಮೇಲೆ ಒಂದು ಅಣಬೆಯ ಪಕ್ಕದಲ್ಲಿ ಬಿಟ್ಟರು. ಎರಡಕ್ಕೂ ಒಂದೇ ಕಂದು ಬಣ್ಣ, ಎರಡೂ ಮೌನ. ನೋಡಿದರೆ ಅಣ್ಣತಮ್ಮಂದಿರೆನ್ನಬೇಕು.

“ಎರಡನ್ನೂ ಮುಟ್ರೀ” ಎಂದರು ಆಕೆ.

ಯಜಮಾನರು ಗಾಂಭೀರ್ಯದಿಂದ ಬೆರಳು ಚಾಚಿದರು. ಮಿಡತೆ ನೆಗೆದು ಅವರ ಮೀಸೆಯ ಮೇಲೆ ಕೂತಿತು. ಅಣಬೆ ಮಾತ್ರ ಸಾತ್ವಿಕರಿಗೆ ತಕ್ಕಂತೆ ಅಲುಗದೆ ಇತ್ತು.

“ಈಗ ಹೇಳ್ರೀ, ಪ್ರಾಣಿ ಯಾವ್ದು?”

ಯಜಮಾನರು ಮೀಸೆ ಕೊಡವಿಕೊಂಡರು. “ಖಾರ ಸ್ವಲ್ಪ ಕಮ್ಮಿ ಹಾಕು.”

ಅಷ್ಟರಲ್ಲಿ ಬಸ್ಸು ಬಂತು. ಒಳಗೆ ಎರಡೇ ಸೀಟು ಖಾಲಿ ಇದ್ದವು. ಒಂದರಲ್ಲಿ ಆಕೆ ಮಹಾರಾಣಿಯಂತೆ ಕೂತರು, ಇನ್ನೊಂದರಲ್ಲಿ ಬುಟ್ಟಿಯನ್ನು ಕೂರಿಸಿದರು. ಯಜಮಾನರೂ ನಾನೂ ತರೀಕೆರೆಯವರೆಗೆ ನಿಂತೇ ಬಂದೆವು.