ದೇಸಾಯರ ಅಂಗಿಯ ತೂತು

ಮೊನ್ನೆ ಗದಗಿನ ಮನೆಯಲ್ಲಿ ಚಳಿಗಾಲದ ಶಾಲು ಹೊರತೆಗೆದೆ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಅಜ್ಜಿಯ ರೇಷ್ಮೆಸೀರೆ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಕೊಲೆ.

ಗಾಬರಿಯಾಗಬೇಡಿ, ಅದು ನನ್ನ ಮುತ್ತಜ್ಜನ ಅಜ್ಜನ ಕಾಲದ್ದು. ಹಮ್ಮಿಗಿಯ ಆಚೆ, ಹೊಳೆದಂಡೆಯ ನಮ್ಮೂರಿನಲ್ಲಿ ಅಂದಿನ ದೇಸಾಯರನ್ನು ಯಾರೋ ಅವರದೇ ಮನೆಯ, ಆ ದೊಡ್ಡ ವಾಡೆಯ ಅಂಗಳದಲ್ಲೇ ಕೊಂದರು. ಅವರ ಕಾವಲಿಗಿದ್ದವನು ನಮ್ಮ ಮನೆತನದ ಹಿರಿಯ. ಹೆಣದ ಪಕ್ಕ ಅವನ ಕಠಾರಿ ಸಿಕ್ಕಿತಂತೆ. ಅಷ್ಟಕ್ಕೇ ನಾವು ‘ಧಣೀನ ಕೊಂದ ಮನಿಯವರು’ ಆದೆವು. ನಮ್ಮವರು ಮತ್ತೆ ವಾಡೆಯ ಹೊಸ್ತಿಲು ತುಳಿಯಲಿಲ್ಲ. ಜಗಳವಾದರೆ ಗೆಳತಿಯರು ನನ್ನನ್ನು ‘ಕಠಾರಿ’ ಎಂದೇ ಕರೆಯುತ್ತಿದ್ದರು. ಶಿರಹಟ್ಟಿಯಲ್ಲಿ ಮಾಸ್ತರರಾಗಿದ್ದ ಅಪ್ಪ ಮಾತ್ರ ಹಟ ಬಿಡಲಿಲ್ಲ: ‘ಅದು ಬಂದೂಕಿನ ಕೆಲಸ. ಹೊರಗಿನವರು ಹೊಡದಾರ.’

ನಾನು ಕಾಲೇಜಿನಲ್ಲಿದ್ದಾಗ ವಾಡೆಗೆ ಸುಣ್ಣ ಹಚ್ಚುತ್ತಿದ್ದರು. ಹಳೆಯ ಪೆಟ್ಟಿಗೆಯೊಂದರಲ್ಲಿ ಸತ್ತ ದೇಸಾಯರ ಅಂಗಿ ಸಿಕ್ಕಿತು. ವಾಡೆಯ ಯಜಮಾನರು, ಊರಿಗೆಲ್ಲ ದೇಸಾಯಿ ಅಜ್ಜ, ಅಪ್ಪನಿಗೆ ಹೇಳಿಕಳಿಸಿದರು. ನಾನೂ ಹೋದೆ, ಕಾಲೇಜಿನಿಂದ ಕೇಳಿ ತಂದ ಭೂತಗನ್ನಡಿ ಹಿಡಿದು, ದೊಡ್ಡ ಪತ್ತೇದಾರಳ ಗತ್ತಿನಲ್ಲಿ.

ಹೊರಗಿನ ಕಟ್ಟೆಯ ಮೇಲೆ ಅಂಗಿ ಹರಡಿದ್ದರು. ನುಸಿಗುಳಿಗೆಯ ಘಾಟು. ಎದೆಯ ಬಳಿ ಒಂದು ತೂತು.

‘ದುಂಡಗೈತಿ ನೋಡ್ರಿ. ಗುಂಡಿಂದು,’ ಎಂದರು ಅಪ್ಪ.

‘ಎಲ್ಲಿ ದುಂಡಗೈತ್ರಿ ಮಾಸ್ತರ? ಉದ್ದಕ ಸೀಳೇತಿ. ಕಠಾರಿದ,’ ಎಂದರು ಅಜ್ಜ.

ಇಬ್ಬರೂ ನನ್ನ ಕಡೆ ತಿರುಗಿದರು. ದುಂಡಗಿದೆ ಎಂದುಬಿಡಲು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಕನ್ನಡಿಯಲ್ಲಿ ಕಂಡದ್ದೇ ಬೇರೆ.

‘ಅಜ್ಜಾರ, ಅಂಚೆಲ್ಲಾ ನುಸಿ ತಿಂದಾವ್ರಿ. ಮೊದಲ ಹೆಂಗಿತ್ತೋ ತಿಳಿಯಂಗಿಲ್ಲ.’

ಅಪ್ಪನ ಮುಖ ಸಣ್ಣದಾಯಿತು. ಅಜ್ಜ ಕನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದರು.

‘ಖರೆ ಐತಿ,’ ಎಂದರು ಕಡೆಗೆ. ‘ತಿಳಿಯಂಗಿಲ್ಲ ಅಂದಮ್ಯಾಲ, ಇಷ್ಟು ತಲಿಮಾರು ನಿಮ್ಮನ್ನ ಕೊಲೆಗಾರರು ಅಂದಿದ್ದು ನಮ್ಮ ತಪ್ಪಾತು, ಮಾಸ್ತರ. ಒಳಗ ಬರ್ರಿ. ಊಟಕ್ಕ ಕುಂಡ್ರಿ.’

ಅಪ್ಪ ನಿಂತಲ್ಲೇ ಕೇಳಿದರು: ‘ಗುಂಡಿಂದು ಅಂತ ಒಪ್ಪಿದ್ರೇನು?’

‘ಒಪ್ಪಿಲ್ಲ. ಆದ್ರೂ ಬರ್ರಿ.’

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು. ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಮೊದಲ ತುತ್ತಿಗೇ ಅಪ್ಪನ ಕಣ್ಣು ತುಂಬಿದವು. ಖಾರ ಜಾಸ್ತಿ ಎಂದರು. ಖಾರವೇನೂ ಇರಲಿಲ್ಲ. ಮುಂದೆ ಇಬ್ಬರೂ ಬದುಕಿರುವ ತನಕ ಅದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅದೇ ವಾದ ಮಾಡಿದರು. ಯಾರೂ ಸೋಲಲಿಲ್ಲ.

ಅಷ್ಟು ದೊಡ್ಡ ಮನಸ್ಸಿನವರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ಮೊನ್ನೆ ಎದೆ ತುಂಬಿ ಬಂದು, ದೇಸಾಯಿ ಅಜ್ಜನ ಮುಂಡರಗಿಯ ಮೊಮ್ಮಗಳಿಗೆ ಫೋನು ಮಾಡಿದೆ.

‘ನಿಮ್ಮಜ್ಜಾರು ಅವತ್ತು ಒಳಗ ಕರದಿದ್ದು ನೆನಪಾತವಾ. ನಮಗ ಊರಾಗ ತಲಿ ಎತ್ತಿ ಅಡ್ಡಾಡಾಕ ಬಂದಿದ್ದು ಅವರಿಂದ,’ ಎಂದೆ.

ಅವಳು ಕೇಳಿದಳು, ‘ಅದಿರ್ಲಿ ಅಕ್ಕಾ, ಕಠಾರಿದ ಅಂತ ಈಗರ ಒಪ್ಪತೀಯೇನು?’

‘ಒಪ್ಪಂಗಿಲ್ಲ.’

‘ಹಂಗಾರ ರವಿವಾರ ಊಟಕ್ಕ ಬಾ. ಕುಂತು ಮಾತಾಡೂಣು.’